ಬುಧವಾರದ ಪಿನ್ನಿನ ಹಗ್ಗ

ನನ್ನ ತಂಗಿಗೆ ಮುಟ್ಟಿಸಬೇಕಾಗಿದ್ದ ಒಂದು ಮಾತನ್ನು ನಾನು ಮುಟ್ಟಿಸಲಿಲ್ಲ. ಸುಮ್ಮನಿದ್ದುಬಿಟ್ಟಿದ್ದರೆ ಅದು ಬೇರೆ. ನಾನು ಅದರ ಜಾಗದಲ್ಲಿ ಇನ್ನೊಂದು ಮಾತನ್ನು ಇಟ್ಟೆ. ಆಗ ನನಗೆ ಹದಿನಾಲ್ಕು, ಗೌರಿಗೆ ಏಳು.

ಅದು ಬಾಗಿಲ ಹಿಡಿಕೆಯನ್ನು ಮೊಣಕೈಯಿಂದ ಒತ್ತಿ ತೆರೆಯುತ್ತಿದ್ದ ಕಾಲ. ಅಂಗಡಿಯ ನೆಲದ ಮೇಲೆಲ್ಲ ಹಳದಿ ಪಟ್ಟಿ, ಒಬ್ಬರಿಗೊಬ್ಬರು ಒಂದೂವರೆ ಮೀಟರ್ ದೂರ. ನಿಮ್ಮ ಮನೆಯಲ್ಲೂ ಆಗ ಹಾಲಿನ ಪ್ಯಾಕೆಟ್ಟನ್ನು ಸೋಪು ಹಚ್ಚಿ ತೊಳೆದಿರಬಹುದು. ನಮ್ಮ ಅವ್ವ ಬಾಳೆಹಣ್ಣನ್ನೂ ಬಿಡುತ್ತಿರಲಿಲ್ಲ. ಮನೆಯೊಳಗೆ ಒಗ್ಗರಣೆಯ ವಾಸನೆಯ ಮೇಲೆ ಡೆಟಾಲಿನ ವಾಸನೆ ಕೂತಿರುತ್ತಿತ್ತು.

ನಾವು ಹುಬ್ಬಳ್ಳಿಯವರು. ಅಪ್ಪನಿಗೆ ಡಚ್ಚರ ನಾಡಿನ ಟಿಲ್‌ಬರ್ಗ್‌ನಲ್ಲಿ ಗೋದಾಮುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವ್ವ ಅವಳನ್ನು ಬಿಟ್ಟು ಬರುವಂತಿರಲಿಲ್ಲ, ಗೌರಿ ಅವ್ವನನ್ನು ಬಿಟ್ಟಿರುವವಳಲ್ಲ. ಹಾಗಾಗಿ ಅಪ್ಪ ಮೊದಲು ನನ್ನೊಬ್ಬಳನ್ನೇ ಕರೆತಂದ. ಆರನೆಯ ಇಯತ್ತೆ ಮುಗಿಸಿ ಬಂದವಳು ನಾನು. ಕನ್ನಡ ಶಾಲೆ ಅಲ್ಲಿಗೆ ನಿಂತಿತು. ಇಲ್ಲಿಯ ಶಾಲೆ ನನಗೆ ಕೊನೆಗೂ ಹತ್ತಲಿಲ್ಲ. ಅರ್ಧಕ್ಕೇ ಬಿಟ್ಟು ಈಗ ಬೇಕರಿಯೊಂದರಲ್ಲಿ ಹಿಟ್ಟು ನಾದುತ್ತೇನೆ. ಆದರೆ ಡಚ್ ಮಾತು ಮಾತ್ರ ಬಾಯಿಗೆ ಬೇಗ ಬಂತು. ಅಜ್ಜಿ ತೀರಿಕೊಂಡ ಮೇಲೆ ಅವ್ವ, ಗೌರಿ ಬಂದರು. ಅವರು ಬಂದು ಚಳಿಗೆ ಹೊಂದಿಕೊಳ್ಳುವ ಮೊದಲೇ ಊರು ಬಾಗಿಲು ಹಾಕಿಕೊಂಡಿತು.

ಅಪ್ಪ ಮೇಲಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರೆ ಊಟಕ್ಕಷ್ಟೇ ಇಳಿಯುತ್ತಿದ್ದ. ಡಾಕ್ಟರ ಫೋನು ಬಂದರೆ ನಾನು, ಹೆಮೇಂಟೆಯವರ ಅಂದರೆ ನಗರಸಭೆಯವರ ಪತ್ರ ಬಂದರೆ ನಾನು, ಗೌರಿಯ ಟೀಚರ್ ಮಾತಾಡಬೇಕೆಂದರೂ ನಾನು. ಮನೆಗೆಲ್ಲ ನಾನೇ ಬಾಯಿ.

ಎಲ್ಲ ಬಂದ್ ಆಗುವ ಸ್ವಲ್ಪ ಮುಂಚೆ ಅಪ್ಪನ ಆಫೀಸಿನವರು ಕೊಟ್ಟ ಟಿಕೆಟ್ಟಿನಲ್ಲಿ ನಾವು ಒಮ್ಮೆ ದೊಡ್ಡ ಪಾರ್ಕಿಗೆ ಹೋಗಿದ್ದೆವು. ಬಸ್ಸಿನಲ್ಲಿ ಹೋಗುವಷ್ಟು ದೂರ. ಮಾತಾಡುವ ಮರ, ಹಾರುವ ದೋಣಿ, ಕತ್ತಲೆ ಗುಹೆ ಎಲ್ಲ ಇದ್ದ ಜಾಗ. ಗೌರಿ ಅದ್ಯಾವುದನ್ನೂ ಅಷ್ಟಾಗಿ ನೋಡಲಿಲ್ಲ. ಅಲ್ಲಿ ಕೆಲಸ ಮಾಡುವವರ ಕೊರಳಲ್ಲಿ ಒಂದು ಅಗಲ ಪಟ್ಟಿ, ಅದರ ತುಂಬ ಬಣ್ಣಬಣ್ಣದ ಪಿನ್ನು, ಅಂಗಿಗೆ ಚುಚ್ಚಿಕೊಳ್ಳುವ ಚಿತ್ರದ ಬಿಲ್ಲೆಗಳು. ನಿಮ್ಮ ಹತ್ತಿರ ಇರುವ ಒಂದು ಪಿನ್ ಕೊಟ್ಟರೆ ಅವರ ಪಟ್ಟಿಯಿಂದ ನಿಮಗೆ ಬೇಕಾದ್ದನ್ನು ತೆಗೆದುಕೊಳ್ಳಬಹುದು. ಅವರು ಒಲ್ಲೆ ಅನ್ನುವಂತಿಲ್ಲ. ಅಪ್ಪ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಒಂದು ಅಣಬೆಯ ಪಿನ್ ಕೊಡಿಸಿದ. ಗೌರಿ ಅದನ್ನು ಹಿಡಿದು ಗೇಟಿನ ಹುಡುಗನ ಮುಂದೆ ನಿಂತಳು. ಅವನು ಮಂಡಿಯೂರಿ ಪಟ್ಟಿ ಮುಂದೆ ಮಾಡಿದ. ಅವಳು ಒಂದು ಗೂಬೆಯ ಮೇಲೆ ಬೆರಳಿಟ್ಟಳು. ಅವನು ತಲೆಯಾಡಿಸಿದ. ಅಷ್ಟೆ. ಈ ದೇಶದಲ್ಲಿ ನನ್ನ ಸಹಾಯವಿಲ್ಲದೆ ಅವಳು ನಡೆಸಿದ ಮೊದಲ ಮಾತುಕತೆ ಅದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೂಬೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು.

ಆಮೇಲೆ ಪಾರ್ಕು ಮುಚ್ಚಿತು. ಬೇಸಿಗೆಗೆ ತೆರೆಯಿತು, ಆದರೆ ಮೊದಲೇ ಹೆಸರು ಬರೆಸಬೇಕು, ಆ ಟಿಕೆಟ್ಟೋ ನಮ್ಮ ಕೈಗೆ ಎಟುಕುವಂಥದ್ದಲ್ಲ. ಗೌರಿ ಶಾಲೆಗೆ ಹೋಗತೊಡಗಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಆಗಲೇ ಸೂಪರ್‌ಮಾರ್ಕೆಟ್ಟಿನ ಗೋಡೆಯ ಹಲಗೆಯಲ್ಲಿ ಒಂದು ಚೀಟಿ ಕಂಡೆ. ಬುಧವಾರ ಮಧ್ಯಾಹ್ನ, ನಮ್ಮ ಓಣಿಯ ಹಿಂದಿನ ತೋಪಿನಲ್ಲಿ ಪಿನ್ ಬದಲಾವಣೆ, ಟಿಕೆಟ್ ಬೇಡ, ಯಾವ ಪಿನ್ನಾದರೂ ಸರಿ.

ಚೀಟಿ ಹಾಕಿದವಳು ಮಾರಿಯನ್ ಎಂಬ ಅಜ್ಜಿ. ಪಾರ್ಕಿನಲ್ಲಿ ಪ್ಯಾನ್‌ಕೇಕ್ ಮಾಡುತ್ತಿದ್ದಳಂತೆ, ಆ ವರ್ಷ ಕೆಲಸ ಇರಲಿಲ್ಲ. ಎರಡು ಮರಗಳ ನಡುವೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಉಣ್ಣೆಬಟ್ಟೆಯ ತುಂಡುಗಳನ್ನು ಕ್ಲಿಪ್ಪು ಹಾಕಿ ತೂಗಿಬಿಟ್ಟು, ಅದಕ್ಕೆಲ್ಲ ಪಿನ್ ಚುಚ್ಚಿದ್ದಳು. ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಒಂದು ಚುಚ್ಚಿ ಒಂದು ಬಿಚ್ಚಿಕೊಳ್ಳಬೇಕು. ಬೆಲೆ ಕೇಳುವಂತಿಲ್ಲ, ಕೊಟ್ಟದ್ದನ್ನು ತಿರುಗಿ ಕೇಳುವಂತಿಲ್ಲ.

ನಮ್ಮಲ್ಲಿ ಪಿನ್ ಎಲ್ಲಿತ್ತು? ಬಳಸಿದ ಸಾಮಾನು ಮಾರುವ ಕ್ರಿಂಗ್‌ಲೋಪ್ ಅಂಗಡಿಯಲ್ಲಿ ಅವ್ವ ಕುಕ್ಕರ್ ಹುಡುಕುತ್ತಿದ್ದಾಗ ಗೌರಿಗೆ ಒಂದು ಬಿಸ್ಕೀಟಿನ ಡಬ್ಬಿ ಸಿಕ್ಕಿತು. ಅದರ ತುಂಬ ಹಳೆಯ ಪಿನ್ನು. ಸೈಕಲ್ ಕ್ಲಬ್ಬಿನದು, ಚೀಸ್ ಅಂಗಡಿಯದು, ಹೆಚ್ಚಿನವು ಈ ಕಡೆಯ ಹಳ್ಳಿಗಳ ಕಾರ್ನಿವಲ್ ಜಾತ್ರೆಯವು: ಟೊಪ್ಪಿಗೆ ಹಾಕಿದ ಕಪ್ಪೆ, ಡೋಲು ಬಾರಿಸುವ ಹಂದಿ. ಪಾರ್ಕಿನ ಒಂದು ಪಿನ್ನಿಗೆ ಕೊಡುವುದಕ್ಕಿಂತ ಕಡಿಮೆಗೆ ಇಡೀ ಡಬ್ಬಿ ಬಂತು. ಅವ್ವ ಅಷ್ಟನ್ನೂ ಡೆಟಾಲ್ ನೀರಿನಲ್ಲಿ ಕುದಿಸಿ, ರೊಟ್ಟಿ ಸುತ್ತುವ ಬಟ್ಟೆಯ ಮೇಲೆ ಸಂಡಿಗೆಯಂತೆ ಹರವಿದಳು.

"ಅಕ್ಕಾ, ಇವು ಪಾರ್ಕಿನ್ವು ಅಲ್ಲ. ತಗೋತಾರೇನು?"

"ಯಾವ್ದಾದ್ರೂ ನಡೀತೈತಿ ಅಂತ ಬರದಾರಲ್ಲ."

"ಆದ್ರೂ ಕೇಳು. ಆಮ್ಯಾಲ ಮೋಸ ಅನಬಾರ್ದು."

ಕೇಳಿದೆ. ಮಾರಿಯನ್ ಕಪ್ಪೆಯನ್ನು ಬೆಳಕಿಗೆ ಹಿಡಿದು, "ಅಯ್ಯೋ, ನನ್ನ ಅಪ್ಪನ ಕೋಟಿನ ಮೇಲೆ ಇಂಥದ್ದೇ ಇತ್ತು!" ಎಂದು ನಕ್ಕಳು. ಅವಳ ಮೊಮ್ಮಗಳು ಫೆಮ್ಕೆ ಗೌರಿಯ ವಾರಿಗೆಯವಳು, ಆದರೆ ಬೇರೆ ಶಾಲೆಯವಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಆ ಹುಡುಗಿಗೆ ಕಪ್ಪೆಯ ಹುಚ್ಚು. ಅಂದಿನಿಂದ ಬುಧವಾರವೆಂದರೆ ಗೌರಿ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಶೂ ಬಿಚ್ಚದೆಯೇ ಕೂರುತ್ತಿದ್ದಳು.

ಇಬ್ಬರೂ ಒದ್ದೆ ಎಲೆಗಳ ಮೇಲೆ ಪ್ಲಾಸ್ಟಿಕ್ ಹಾಸಿ ಕೂತು, ತಮ್ಮ ತಮ್ಮ ಪಿನ್ನುಗಳನ್ನು ಸಾಲಾಗಿ ಇಟ್ಟು ಊರು ಕಟ್ಟುತ್ತಿದ್ದರು. ಗೂಬೆ ಟೀಚರು, ಹಂದಿ ಬಸ್ ಡ್ರೈವರು. ಆ ಆಟದಲ್ಲಿ ಫೆಮ್ಕೆ ಡಚ್ ಮಾತಾಡುವಳು, ಗೌರಿ ಕನ್ನಡ. ಏನಾದರೂ ಅಡಚಣೆಯಾದರೆ ಮಾತ್ರ ಬೆಂಚಿನ ಮೇಲಿದ್ದ ನನ್ನ ಕಡೆ ತಿರುಗುವರು.

"ಅಕ್ಕಾ, ಅಕಿ ಏನಂದ್ಲು?"

"ಕಪ್ಪೀಗೆ ನೆಗಡಿ ಬಂದೈತಿ, ಸಾಲಿಗೆ ಬರೂದಿಲ್ಲಂತ."

"ಹತ್ತು ದಿನಾ ಮನ್ಯಾಗ ಇರಬೇಕು ಅಂತ ಹೇಳು!"

ಒಮ್ಮೆ ಅವ್ವ ಶೇಂಗಾ ಉಂಡಿ ಕಟ್ಟಿಕೊಟ್ಟಳು. ಫೆಮ್ಕೆ ಕಚ್ಚಿದವಳೇ "ಪಿಂಡಕಾಸ್!" ಎಂದು ಕೂಗಿದಳು. ಇಲ್ಲಿ ಶೇಂಗಾದ ಬೆಣ್ಣೆಗೆ ಹಾಗನ್ನುತ್ತಾರೆ. ಗೌರಿ ಮನೆಗೆ ಬಂದು ಅದನ್ನೇ ಹೇಳಿದಾಗ ಅವ್ವ ಸೌಟು ಹಿಡಿದುಕೊಂಡೇ, "ಶಿವ ಶಿವಾ! ನಾ ಕಟ್ಟಿದ ಉಂಡಿಗೆ ಪಿಂಡ ಅಂದ್ಲೇನು?" ಎಂದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ವರ್ಷ ಮನೆಯವರೆಲ್ಲ ಸೇರಿ ಹಾಗೆ ನಕ್ಕದ್ದು ಮತ್ತೆ ನೆನಪಿಲ್ಲ.

ಡಿಸೆಂಬರಿನ ಚಳಿ ಬಂತು. ಮತ್ತೆ ಎಲ್ಲ ಮುಚ್ಚುತ್ತಾರೆ ಎಂಬ ಸುದ್ದಿ ಹರಿದಾಡುತ್ತಿತ್ತು. ಆ ಬುಧವಾರ ಮಾರಿಯನ್ ಹಗ್ಗ ಬಿಚ್ಚುತ್ತ ನನ್ನನ್ನು ಕರೆದಳು. ಕೈಯಲ್ಲಿ ಮಸಾಲೆ ಬಿಸ್ಕೀಟಿನ ಪೊಟ್ಟಣ, ಬಾಯಿಂದ ಹಬೆ.

"ಇಲ್ಲಿ ಇನ್ನು ಕೂರಲಾಗುವುದಿಲ್ಲ ಮಗಳೇ, ಮಕ್ಕಳಿಗೆ ಶೀತವಾಗುತ್ತದೆ. ಆದರೆ ಫೆಮ್ಕೆ ಗೌರಿಯನ್ನು ಬಿಡಲು ಒಪ್ಪುತ್ತಿಲ್ಲ. ಪ್ರತಿ ಬುಧವಾರ ನಮ್ಮ ಮನೆಗೆ ಬರಲಿ. ಒಂದು ಮಗು ಬಂದರೆ ತೊಂದರೆಯಿಲ್ಲ. ಮೊದಮೊದಲು ನೀನೂ ಜೊತೆಗಿದ್ದರೆ ಅವಳಿಗೆ ಧೈರ್ಯ. ನಾನು ಕಥೆ ಪುಸ್ತಕ ಓದಿ ಹೇಳುತ್ತೇನೆ, ಮಾತು ತಾನಾಗಿ ಬರುತ್ತದೆ. ನಿಮ್ಮ ಅಮ್ಮನನ್ನು ಕೇಳುತ್ತೀಯಾ?"

ಗೌರಿ ಸ್ವಲ್ಪ ದೂರದಲ್ಲಿ ಫೆಮ್ಕೆಯ ಕೈಗವಸು ಹಾಕಿಕೊಂಡು ನೋಡುತ್ತಿದ್ದಳು. ನಾನೇನು ಯೋಚಿಸಿದೆ ಎಂದು ಇಂದಿಗೂ ಸ್ಪಷ್ಟವಾಗಿ ಗೊತ್ತಿದೆ. ಬುಧವಾರ ಮಧ್ಯಾಹ್ನ ನನಗೂ ರಜೆ. ತರಗತಿಯ ಹುಡುಗಿಯರು ಸೈಕಲ್ಲಿನಲ್ಲಿ ಕಾಲುವೆಯ ಕಡೆ ಹೋಗುವಾಗ ನನ್ನನ್ನೂ ಬಾ ಎಂದು ಆ ವಾರವಷ್ಟೇ ಮೊದಲ ಬಾರಿ ಕರೆದಿದ್ದರು. ಅದೊಂದು ಕಾರಣ. ಎಲ್ಲರಿಗೂ ಹೇಳಬಹುದಾದ ಕಾರಣ.

ಹೇಳಲಾಗದ ಕಾರಣ ಇನ್ನೊಂದು. ಇವಳಿಗಿಂತ ಎಷ್ಟೋ ಮುಂಚೆ ಬಂದು, ಇವರ ಮಾತನ್ನು ಇವರಿಗಿಂತ ಜಾಗ್ರತೆಯಿಂದ ಆಡುತ್ತಿದ್ದ ನನ್ನನ್ನು ಅಲ್ಲಿಯವರೆಗೆ ಒಬ್ಬರೂ ಮನೆಗೆ ಕರೆದಿರಲಿಲ್ಲ. ಬಾಯಿ ಬಿಡದ ಇವಳನ್ನು ಕರೆಯುತ್ತಿದ್ದಾರೆ. ನಾನು ಮತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಇವಳ ಮಾತನ್ನು ಆಚೆಗೆ, ಅವರ ಮಾತನ್ನು ಈಚೆಗೆ ದಾಟಿಸಬೇಕು.

"ಅಮ್ಮ ಒಪ್ಪುವುದಿಲ್ಲ. ಅವಳಿಗೆ ತುಂಬ ಹೆದರಿಕೆ," ಎಂದು ಮಾರಿಯನ್‌ಗೆ ಹೇಳಿದೆ. ಕೇಳದೆಯೇ ಹೇಳಿದೆ. ಅವಳು ಪಾಪ, ತಲೆಯಾಡಿಸಿ ಬಿಸ್ಕೀಟಿನ ಪೊಟ್ಟಣ ಕೊಟ್ಟಳು.

ದಾರಿಯಲ್ಲಿ ಗೌರಿ ನನ್ನ ಜಾಕೆಟ್ ಜಗ್ಗಿದಳು. "ಏನಂದ್ರು ಅಕ್ಕಾ? ಮುಂದಿನ ಬುಧವಾರ ಎಲ್ಲಂತ?"

"ಇನ್ನ ಬರಬ್ಯಾಡ್ರಿ ಅಂದ್ರು."

"ಯಾರು, ನಾನಾ?"

"ಹೂಂ."

"ಫೆಮ್ಕೆನೂ ಅಂದ್ಲೇನು?"

ಇಲ್ಲ ಎನ್ನಲು ಆಗಲೂ ಅವಕಾಶವಿತ್ತು. "ಅಕಿನೂ," ಎಂದೆ.

ಅವಳು ಅಳಲಿಲ್ಲ. ಮನೆಗೆ ಬಂದು ಶೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೇ ಕಾರಣ ಹೊಳೆಯಿತು. "ನಾ ಹಳೇವು ಕೊಟ್ಟು ಪಾರ್ಕಿನ್ವು ತಗೊಂಡ್ನಲ್ಲಾ, ಅದಕ್ಕ ಸಿಟ್ಟಾಗ್ಯಾರ." ಬದಲಾಯಿಸಿಕೊಂಡ ಪಿನ್ನುಗಳನ್ನೆಲ್ಲ, ಆ ಗೂಬೆಯನ್ನೂ ಸೇರಿಸಿ, ಒಂದು ಕಾಲುಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. "ತಿರುಗಿ ಕೊಟ್ಟು ಬಾ. ನಾ ಮೋಸ ಮಾಡಬೇಕಂತ ಮಾಡಿಲ್ಲ ಅಂತ ಹೇಳು."

ಮಾರಿಯನ್‌ಳ ಮನೆ ತೋಪಿನ ಆಚೆ ಬದಿಗೇ ಇತ್ತು. ನಾನು ಆ ಕಡೆ ಹೋಗಲಿಲ್ಲ. ಕಾಲುಚೀಲವನ್ನು ಹಾಗೆಯೇ ಕ್ರಿಂಗ್‌ಲೋಪ್ ಅಂಗಡಿಯ ಹೊರಗಿನ ದಾನದ ಪೆಟ್ಟಿಗೆಗೆ ಹಾಕಿ ಬಂದೆ.

"ತಗೊಂಡ್ರೇನು? ಏನಂದ್ರು?"

"ಏನೂ ಅನ್ಲಿಲ್ಲ."

ಮುಂದಿನ ಒಂದು ವರ್ಷ ಗೌರಿ ತೋಪಿನ ಕಡೆ ಕಾಲಿಡಲಿಲ್ಲ, ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಯಾರಾದರೂ ಪೆನ್ಸಿಲು, ಚಾಕಲೇಟು ಕೊಟ್ಟರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳಂತೆ. ಮಗುವಿಗೆ ಏನೋ ತೊಂದರೆಯಿದೆ, ಪರೀಕ್ಷೆ ಮಾಡಿಸಬೇಕು ಎಂದು ಟೀಚರ್ ಫೋನ್ ಮಾಡಿದಾಗ ಅವ್ವನಿಗೆ ಅದನ್ನು ಕನ್ನಡದಲ್ಲಿ ಹೇಳಿದವಳೂ ನಾನೇ. ಆ ದಿನ ಮಾತ್ರ ಒಂದಕ್ಷರ ಬಿಡದೆ ಹೇಳಿದೆ. ನಾನು ಫೋನ್ ಇಟ್ಟ ಮೇಲೆ ಅವ್ವ, "ನನ್ನ ಕೂಸಿಗೆ ಏನಾತ ಯವ್ವಾ?" ಎಂದು ನನ್ನನ್ನೇ ಕೇಳಿದಳು. ನನಗೆ ಉತ್ತರ ಗೊತ್ತಿತ್ತು.

ಮಾತು ಆಮೇಲೆ ಬಂತು. ಈಗ ಗೌರಿಗೆ ಹದಿಮೂರು. ನನ್ನ ಡಚ್ಚನ್ನು ತಿದ್ದುವಷ್ಟು ಬಂದಿದೆ. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು, ಅವ್ವ ಬಾಳೆಹಣ್ಣು ತೊಳೆಯುವುದನ್ನು ಬಿಟ್ಟಳು, ಪಾರ್ಕಿನಲ್ಲಿ ಮತ್ತೆ ಜನವೋ ಜನ. ಮರಳಿ ಬರದೇ ಹೋದವಳು ಎಲೆಗಳ ಮೇಲೆ ಕೂತು ಹಂದಿಯನ್ನು ಬಸ್ ಡ್ರೈವರ್ ಮಾಡಿದ ಆ ಹುಡುಗಿ. ಈಗಿನ ಗೌರಿ ಎಲ್ಲರೊಂದಿಗೂ ನಗುತ್ತಾಳೆ, ಯಾರ ಮನೆಗೂ ಹೋಗುವುದಿಲ್ಲ. ಕರೆದರೆ, ಸುಮ್ಮನೆ ಉಪಚಾರಕ್ಕೆ ಕರೆದಿದ್ದಾರೆ ಬಿಡು, ಎನ್ನುತ್ತಾಳೆ. ಅಜ್ಜಿಯೊಬ್ಬಳ ಮಡಿಲಿಗೆ ಒರಗಿ ಕಥೆ ಕೇಳುತ್ತ ಕಳೆಯಬಹುದಾಗಿದ್ದ ಚಳಿಗಾಲವನ್ನು ಅವಳು ಮೆಟ್ಟಿಲ ಮೇಲೆ ಕೂತು ಕಳೆದಳು. ಫೆಮ್ಕೆಯ ಮನೆಯವರು ಸಮುದ್ರದ ಕಡೆ, ನೂರ್ಡ್‌ವೈಕ್‌ಗೆ ಹೋದರಂತೆ. ಅವಳು ನಮ್ಮ ಬಗ್ಗೆ ಏನೆಂದುಕೊಂಡಳೋ.

ಕಳೆದ ತಿಂಗಳು ಒಂದು ಭಾನುವಾರ ಅಡುಗೆಮನೆಯಲ್ಲಿ ನಾನು ಮೆಂತ್ಯೆ ಸೋಸುತ್ತಿದ್ದೆ. ಗೌರಿ ಬಂದು ಎದುರಿಗೆ ಕೂತಳು.

"ಅಕ್ಕಾ, ನಾನೂ ಈಗ ತೋಲ್ಕ್ ಆಗೇನಿ!" ಎಂದಳು. ತೋಲ್ಕ್ ಎಂದರೆ ಮಾತು ದಾಟಿಸುವವರು. ಅವಳ ಶಾಲೆಗೆ ರಾಯಚೂರಿನಿಂದ ಒಬ್ಬ ಹುಡುಗಿ ಬಂದಿದ್ದಾಳಂತೆ. "ಪಾಪ, ಅಕಿಗೆ ಒಂದ್ ಶಬ್ದಾನೂ ತಿಳಿಯಂಗಿಲ್ಲ."

"ಎಲ್ಲಾ ಹೇಳ್ತೀಯೇನು ಅಕಿಗೆ?" ನನ್ನ ಬಾಯಿಂದ ಬಂದುಬಿಟ್ಟಿತು.

"ಮತ್ತ? ಬೈದ್ರ ಬೈದದ್ದೂ ಹೇಳ್ತೀನಿ. ನಾ ಏನ್ ಹೇಳ್ತೀನೋ ಅದ ಖರೇ ಅಕಿಗೆ. ಬ್ಯಾರೆ ಯಾರನ್ನ ಕೇಳ್ಬೇಕು ಅಕಿ?"

ಮೆಂತ್ಯೆಯನ್ನು ಪಕ್ಕಕ್ಕಿಟ್ಟೆ. ಇಲ್ಲಿ ಕಾಲು ತುಳಿದರೂ ಸಾರಿ, ಬಸ್ಸಿನಲ್ಲಿ ಮೈ ತಾಗಿದರೂ ಸಾರಿ. ಆ ಮಾತನ್ನು ಅವಳಿಗೆ ಹೇಳಿ ಮುಗಿಸುವ ಆಸೆ ಎಷ್ಟೋ ಸಲ ಬಂದಿತ್ತು. ಆದರೆ ನಾನು ಸುಳ್ಳು ಹೇಳಿದ್ದು ಕನ್ನಡದಲ್ಲಿ. ಕನ್ನಡದಲ್ಲೇ ಎಲ್ಲ ಹೇಳಿದೆ. ಮಾರಿಯನ್ ಕರೆದದ್ದು, ಅವ್ವನ ಹೆಸರಿನಲ್ಲಿ ನಾನು ಬೇಡ ಎಂದದ್ದು, ಕಾಲುಚೀಲ ಎಲ್ಲಿ ಹೋಯಿತು ಎನ್ನುವುದು, ನನಗೆ ಆಗಿದ್ದ ಹೊಟ್ಟೆಕಿಚ್ಚು.

ಗೌರಿ ಮೇಜಿನ ಮೇಲಿದ್ದ ಮೆಂತ್ಯೆಯ ಎಲೆಯೊಂದನ್ನು ಬೆರಳಿನಿಂದ ಒತ್ತಿ ಹಿಡಿದು ಕೂತಿದ್ದಳು.

"ಅಂದ್ರ, ಫೆಮ್ಕೆಗೆ ನಾ ಬೇಕಾಗಿದ್ನೇನು?"

"ಬೇಕಾಗಿದ್ದಿ. ಬಿಡೂದಿಲ್ಲ ಅಂತ ಹಟಾ ಹಿಡಿದಿದ್ಲಂತ."

"ನಾ ಮೋಸ ಮಾಡೇನಿ ಅಂತ ಇಷ್ಟ ವರ್ಷ..."

"ನೀ ಏನೂ ಮಾಡಿದ್ದಿಲ್ಲ ಗೌರಿ," ಎಂದೆ. "ಮೋಸ ಮಾಡಿದಾಕಿ ನಾನು. ನಿನಗ ಬಂದ ಮಾತು ನಾ ನುಂಗಿಬಿಟ್ಟೆ. ತಪ್ಪಾತವಾ. ನನ್ನ ಕ್ಷಮಾ ಮಾಡು."