ಶೇಷಣ್ಣನವರ ಪೆಂಡಿಂಗ್ ಡ್ರಮ್ಮು

ಶೇಷಣ್ಣನವರ ಮನೆಗೆ ಹೋದವರಿಗೆ ಮೊದಲು ಆಗುತ್ತಿದ್ದದ್ದು ಚಪ್ಪಲಿ ತಪಾಸಣೆ. ನೀರು, ಕಾಫಿ ಎಲ್ಲ ಆಮೇಲಿನ ಮಾತು. ನೀವು ಹೊಸಿಲಿನಾಚೆ ಚಪ್ಪಲಿ ಬಿಡುವುದೇ ತಡ, ಅವರು ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು, ಅಟ್ಟೆಗೆ ಅಂಟಿದ ಮಣ್ಣನ್ನು ಹಳೇ ಚಮಚದಿಂದ ಕೆರೆದು ಗಾಜಿನ ನಳಿಕೆಗೆ ಹಾಕಿ, ಮೇಲೆ ಯಾವುದೋ ದ್ರಾವಣ ಬಿಟ್ಟು, ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಆಮೇಲೆ ತಲೆ ಎತ್ತಿ, "ಹುಳಿ ಜಾಸ್ತಿ ಇದೆ ಕಣಯ್ಯ, ಸುಣ್ಣ ಹಾಕ್ಸು," ಅನ್ನುವರು. ಸುಣ್ಣ ಹಾಕಿಸಬೇಕಾದ್ದು ಹೊಲಕ್ಕೋ ಚಪ್ಪಲಿಗೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ಗೇಣು ಹೊಲವೂ ಇಲ್ಲದ ನನಗೂ ಅವರು ಎಷ್ಟೋ ಸಲ ಸುಣ್ಣ ಬರೆದುಕೊಟ್ಟಿದ್ದಾರೆ.

ಒಮ್ಮೆ ನಮ್ಮ ಮುಳಬಾಗಿಲಿನ ಕಲ್ಯಾಣ ಮಂಟಪವೊಂದರಲ್ಲಿ ಒಳಗೆ ಧಾರೆ ನಡೆಯುತ್ತಿದ್ದರೆ, ಇವರು ಹೊರಗೆ ಚಪ್ಪಲಿ ರಾಶಿಯ ನಡುವೆ ಕೂತು ಕೆರೆಯುತ್ತಿದ್ದರು. ಗಂಡಿನ ಕಡೆಯವರು ಚಪ್ಪಲಿ ಕಳ್ಳನೆಂದು ರಟ್ಟೆ ಹಿಡಿದರು. ನಾನು ಓಡಿಹೋಗಿ, ಇವರು ಕಳ್ಳರಲ್ಲ, ವಿಜ್ಞಾನಿ ಎಂದೆ. ಅದನ್ನು ಕೇಳಿ ಅವರ ಅನುಮಾನ ಇನ್ನೂ ಜಾಸ್ತಿಯಾಯಿತು. ಬಿಡಿಸಿಕೊಂಡು ಬರುವಾಗ ಶೇಷಣ್ಣನವರಿಗೆ ಮಾನ ಹೋದ ದುಃಖ ಎಳ್ಳಷ್ಟೂ ಇರಲಿಲ್ಲ. "ಮಾಲೂರು, ಮಾಸ್ತಿ, ಶ್ರೀನಿವಾಸಪುರ, ಎಲ್ಲಾ ಮಣ್ಣೂ ಒಂದೇ ಜಾಗದಲ್ಲಿ ಸಿಕ್ಕಿತ್ತು ಕಣೋ. ಹಾಳಾದೋರು ಹಾಳು ಮಾಡಿದ್ರು," ಎಂದು ದಾರಿಯುದ್ದಕ್ಕೂ ಗೊಣಗಿದರು.

ನನ್ನದು ಬಸ್ ಸ್ಟ್ಯಾಂಡಿನ ಪಕ್ಕ ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರೂ ಇರುವುದರಿಂದ ಊರಿನವರ ಆನ್‌ಲೈನ್ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತವೆ. ಶೇಷಣ್ಣ ನನ್ನ ಎದುರು ಮನೆಯವರು. ಪೌರೋಹಿತ್ಯದ ಮನೆತನದಲ್ಲಿ ಹುಟ್ಟಿ, ರಸಾಯನಶಾಸ್ತ್ರ ಓದಿ, ಮಾಲೂರಿನ ಕಡೆ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವರು. ಅಲ್ಲಿ ಮೋರಿಗೆ ಹೋಗುವ ಕೆಂಪು ನೀರನ್ನು ತಿಳಿ ಮಾಡುವ ಒಂದು ವಿಧಾನ ಕಂಡುಹಿಡಿದರು. ಅದಕ್ಕೆ ಪೇಟೆಂಟೂ ಬಂತು. ಅದರಲ್ಲಿ ಸಂಶೋಧಕರೆಂದು ಮಾಲೀಕರ ಹೆಸರು, ಮಾಲೀಕರ ಮಗನ ಹೆಸರು, ಅಳಿಯನ ಹೆಸರು ಇತ್ತು. ಅಳಿಯನಿಗೆ ಆಗಿನ್ನೂ ಬರೀ ನಿಶ್ಚಿತಾರ್ಥವಾಗಿತ್ತು. ಶೇಷಣ್ಣನವರಿಗೆ ಸಭೆ ಮಾಡಿ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದು ನಡೆಯುತ್ತಿರಲಿಲ್ಲ.

ಅಂದಿನಿಂದ ಅವರಿಗೆ ಒಂದೇ ಹಟ. "ಸಾಯೋದ್ರೊಳಗೆ ನನ್ನ ಹೆಸರಲ್ಲಿ ಒಂದು ಪೇಟೆಂಟ್ ಬರ್ಬೇಕು ಕಣೋ. ಒಂದೇ ಒಂದು ಸಾಕು," ಅನ್ನುತ್ತಿದ್ದರು. ಅದನ್ನು ಹೇಳುವಾಗ ಮಾತ್ರ ಅವರ ದನಿ ಸಣ್ಣಗಾಗುತ್ತಿತ್ತು. ಉಳಿದಂತೆ ಅವರ ದನಿ ಮೂರು ಮನೆಯಾಚೆಗೂ ಕೇಳಿಸುವಂಥದ್ದು.

ಆ ಹಟದಿಂದ ಹುಟ್ಟಿದ್ದು ಡ್ರಮ್ಮು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆ ರಸ ತೆಗೆಯುವ ಘಟಕಗಳಿಂದ ಸಿಪ್ಪೆ, ಓಟೆ ಲೋಡುಗಟ್ಟಲೆ ಹೊರಬೀಳುತ್ತವೆ. ರೇಟು ಬಿದ್ದರೆ ಟೊಮೇಟೊ ರಸ್ತೆ ಬದಿಗೆ ಬೀಳುತ್ತದೆ. ಈ ಹುಳಿಯೆಲ್ಲ ಸುರಿದ ಕಡೆ ಮಣ್ಣು ಕೆಡುತ್ತದೆ ಎಂಬುದು ಅವರ ಚಪ್ಪಲಿ ಸಂಶೋಧನೆಯ ಸಾರ. ನೀಲಿ ಡ್ರಮ್ಮಿಗೆ ಅದನ್ನು ತುಂಬಿ, ಸಗಣಿ ಬೆರೆಸಿ, ತಾವೇ ಅರೆದ ಒಂದು ಬಿಳೀ ಪುಡಿ ಹಾಕಿ ಹಿಡಿಕೆ ತಿರುಗಿಸುತ್ತಿದ್ದರೆ ವಾಸನೆಯಿಲ್ಲದ ಒಣ ಗೊಬ್ಬರವಾಗಬೇಕು. ಆಗಬೇಕು, ನಿಜ. ನಮ್ಮ ಬೀದಿಯವರು ಮಾತ್ರ ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡು ಮಲಗುತ್ತಿದ್ದೆವು. ಕಸ ಎಂದರೆ ಅವರಿಗೆ ಕೋಪ. "ಕಸ ಅನ್ಬೇಡ, ಶೇಷ ಅನ್ನು," ಎಂದು ತಿದ್ದುವರು. ಅವರ ಹೆಂಡತಿ ರುಕ್ಮಿಣಮ್ಮ ಅಡುಗೆಮನೆಯಿಂದಲೇ, "ಊರೋರ ಮನೆಗೆ ಮಾವಿನಹಣ್ಣು ಬರತ್ತೆ, ನಮ್ಮನೆಗೆ ಓಟೆ ಬರತ್ತೆ. ಶೇಷನ್ನ ಕಟ್ಕೊಂಡಿದ್ದಕ್ಕೆ ಶೇಷಾನೇ ಗತಿ," ಅನ್ನುವರು.

ಅರ್ಜಿ ನನ್ನ ಅಂಗಡಿಯಿಂದಲೇ ಹೋಯಿತು. ಅದರ ಮರುದಿನವೇ ಶೇಷಣ್ಣ ಪೇಂಟರನ್ನು ಕರೆಸಿ ಡ್ರಮ್ಮಿನ ಮೇಲೆ ದಪ್ಪ ಕೆಂಪಕ್ಷರದಲ್ಲಿ 'ಪೇಟೆಂಟ್ ಪೆಂಡಿಂಗ್' ಎಂದು ಬರೆಸಿದರು. ಪೆಂಡಿಂಗ್ ಎನ್ನುವುದನ್ನು ಮಾಸುವ ಬಣ್ಣದಲ್ಲಿ ಬರೆಯಲು ಹೇಳಿದ್ದರು. ಬೇಗ ಅಳಿಸಬೇಕಾಗುತ್ತದಲ್ಲ.

ಆ ಡ್ರಮ್ಮನ್ನು ಟೆಂಪೋದಲ್ಲಿ ಹೇರಿಕೊಂಡು ಪ್ರಾತ್ಯಕ್ಷಿಕೆಗೆಂದು ರಾಯಲ್ಪಾಡಿಗೆ ಹೋದೆವು. ಅಲ್ಲಿ ಮುನಿರೆಡ್ಡಿ ಎನ್ನುವ ಪರಿಚಯದ ರೈತರ ಅಂಗಳ. ಆಂಧ್ರದ ಗಡಿ ಪಕ್ಕದಲ್ಲೇ, ಮನೆಮಾತು ತೆಲುಗು. ಶೇಷಣ್ಣ ಕೋಟು ಹಾಕಿಕೊಂಡು ಎಲ್ಲ ವಿವರಿಸಿ, ಕೊನೆಗೆ ಡ್ರಮ್ಮಿನ ಮೇಲೆ ಕೈಯಿಟ್ಟು, ಎದೆಯುಬ್ಬಿಸಿ, "ಪೇಟೆಂಟ್ ಪೆಂಡಿಂಗ್," ಎಂದು ಘೋಷಿಸಿದರು. ಮುನಿರೆಡ್ಡಿಯ ತಾಯಿಗೆ ಕಿವಿ ಸ್ವಲ್ಪ ಮಂದ. ಆಕೆ ಎದ್ದು ಬಂದು, ಡ್ರಮ್ಮಿನೊಳಗೆ ಮೊಣಕೈವರೆಗೆ ಕೈಹಾಕಿ, ಹಿಂಡಿ ನೋಡಿ, "ಲೇದು ಸ್ವಾಮಿ, ಇಂಕಾ ಎಂಡಲೇದು," ಎಂದರು. ಇಲ್ಲ ಸ್ವಾಮಿ, ಇನ್ನೂ ಒಣಗಿಲ್ಲ ಅಂತ. ಆ ತಾಯಿಗೆ ಕೇಳಿಸಿದ್ದು 'ಪೇಡ ಎಂಡಿಂದಿ', ಅಂದರೆ ತೆಲುಗಿನಲ್ಲಿ ಸಗಣಿ ಒಣಗಿದೆ.

ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ. ಶೇಷಣ್ಣ ಮಾತ್ರ ನಗದೆ ಡ್ರಮ್ಮಿನೊಳಗೆ ಬಗ್ಗಿ ನೋಡಿ, "ಆಯಮ್ಮ ಹೇಳಿದ್ದು ಸರಿ. ತೇವ ಜಾಸ್ತಿ ಇದೆ," ಎಂದರು. ಡ್ರಮ್ಮನ್ನು ಅಲ್ಲೇ ಬಿಟ್ಟು, ಆಗಾಗ ಹೋಗಿ ಪುಡಿ ಬದಲಾಯಿಸತೊಡಗಿದರು. ಹೋದಾಗಲೆಲ್ಲ ಆ ತಾಯಿ ಕೈಹಾಕುವುದು, ಇಂಕಾ ಎಂಡಲೇದು ಅನ್ನುವುದು, ಇವರು ಬಸ್ಸು ಹತ್ತಿ ವಾಪಸು ಬರುವುದು. ಸುದ್ದಿ ಇವರಿಗಿಂತ ಮೊದಲೇ ಮುಳಬಾಗಿಲು ತಲುಪಿತ್ತು. ಇಡ್ಲಿ ಹೋಟೆಲಿನವನಿಂದ ಹಿಡಿದು ಆಟೋದವರವರೆಗೆ, "ಏನ್ ಸ್ವಾಮಿ, ಎಂಡಿಂದಾ?" ಎಂದು ವಿಚಾರಿಸುವವರೇ.

ಕೊನೆಗೂ ಪೇಟೆಂಟ್ ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ಈಗ ಅದೆಲ್ಲ ವಿಡಿಯೋದಲ್ಲೇ. ವಕೀಲರನ್ನು ಇಟ್ಟುಕೊಳ್ಳಿ ಎಂದು ನಾನು ಬಡಕೊಂಡೆ. "ನನ್ನ ಡ್ರಮ್ಮಿನ ವಿಷಯ ನನಗಿಂತ ಚೆನ್ನಾಗಿ ಮಾತಾಡೋನು ಯಾವನಿದಾನೆ?" ಎಂದರು. ಅದೇನೋ ನಿಜ. ಜರಿ ಪಂಚೆ, ಕೋಟು, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು ನನ್ನ ಕಂಪ್ಯೂಟರಿನ ಮುಂದೆ ಕೂತರು. ಪರದೆಯಲ್ಲಿ ಒಬ್ಬ ಅಧಿಕಾರಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಮಾತಾಡಿದರು. ಆಮೇಲೆ ಒಂದು ಹಳೇ ವಿಡಿಯೋ ತೋರಿಸಿದರು. ಶೇಷಣ್ಣ ಅದೇ ಡ್ರಮ್ಮಿನ ಪಕ್ಕ ನಿಂತು, ಪುಡಿಗೆ ಏನೇನು ಬೆರೆಸಬೇಕು, ಎಷ್ಟು ಹೊತ್ತು ತಿರುಗಿಸಬೇಕು ಎಂದು ಅಳತೆ ಸಮೇತ ಲೋಕಕ್ಕೆಲ್ಲ ಪಾಠ ಮಾಡುತ್ತಿದ್ದರು. ಮೂಲೆಯಲ್ಲಿ ಮೊಬೈಲು ಹಿಡಿದಿದ್ದ ರುಕ್ಮಿಣಮ್ಮನವರ ಹೆಬ್ಬೆರಳೂ ಕಾಣುತ್ತಿತ್ತು.

"ಇದರಲ್ಲಿರುವುದು ನೀವೇನಾ?" ಎಂದು ಕೇಳಿದರು ಆ ಅಧಿಕಾರಿ.

"ನಾನೇ ಮೇಡಂ," ಎಂದು ಶೇಷಣ್ಣ ಅರಳಿದರು.

"ಇದನ್ನು ಇಂಟರ್‌ನೆಟ್ಟಿಗೆ ಹಾಕಿದ್ದು ಅರ್ಜಿಗೆ ಮೊದಲೋ, ಆಮೇಲೋ?"

ಮೇಜಿನ ಕೆಳಗೆ ಅವರ ತೊಡೆ ಜಿಗುಟಿದೆ. ಅವರು ನನ್ನ ಕೈ ತಳ್ಳಿ, "ಮೊದಲೇ ಮೇಡಂ. ತುಂಬಾ ಮೊದಲೇ ಹಾಕಿದ್ದೀನಿ. ಯಾರೂ ನನಗಿಂತ ಮುಂಚೆ ಅಂತ ಹೇಳಕ್ಕಾಗಲ್ಲ," ಎಂದರು. ಅಷ್ಟರಲ್ಲಿ ಯಾರೋ ಬಂದು ಆಧಾರ್ ಜೆರಾಕ್ಸ್ ಕೇಳಿದ್ದೂ ವಿಚಾರಣೆಯೊಳಗೆ ಸೇರಿಹೋಯಿತು.

ಅರ್ಜಿ ಹಾಕುವ ಮೊದಲೇ ಲೋಕಕ್ಕೆಲ್ಲ ಹೇಳಿಬಿಟ್ಟದ್ದು ಹೊಸದಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಆದೇಶದ ಸಾರ ಇಷ್ಟೇ. ಇದನ್ನು ಇವರಿಗಿಂತ ಮೊದಲು ಬಹಿರಂಗ ಮಾಡಿದವರು ಯಾರು ಎಂಬಲ್ಲಿ ಶೇಷಣ್ಣನವರ ಪೂರ್ತಿ ಹೆಸರನ್ನೇ ಹಾಕಿದ್ದರು. ಅಂತೂ ಅವರ ಹೆಸರು ಪೇಟೆಂಟ್ ಕಚೇರಿಯ ಕಾಗದದಲ್ಲಿ ಅಚ್ಚಾಯಿತು. ಅದನ್ನು ಓದಿ ಹೇಳಿದಾಗ ಅವರು, "ಅಂದ್ರೆ ನನ್ನನ್ನ ನಾನೇ ಕಾಪಿ ಹೊಡೆದೆ ಅಂತಾರಾ?" ಎಂದರು. ಹೂಂ ಎಂದೆ. ನಗು ಬರಬೇಕಾದ ಮಾತು, ನನಗೆ ಹೊಟ್ಟೆ ಉರಿಯಿತು. ಕದ್ದ ಮಾಲೀಕರಿಗೆ ಸಿಕ್ಕಿದ್ದು ಕಂಡುಹಿಡಿದವರಿಗೆ ಸಿಗಲಿಲ್ಲ. ಬಾಯಿ ಮುಚ್ಚಿಕೊಂಡಿರಲು ಬರುವವರಿಗೆ ಮಾತ್ರ ಈ ಲೋಕ.

ಕೆಲವು ವಾರ ಅವರು ಬೀದಿಗೆ ಇಳಿಯಲಿಲ್ಲ. ಆಮೇಲೊಂದು ಮಧ್ಯಾಹ್ನ ಅಂಗಡಿಗೆ ಬಂದು ಡ್ರಮ್ಮಿಗೆ ಅಂಟಿಸಲು ಸ್ಟಿಕ್ಕರ್ ಬೇಕೆಂದರು.

"ಏನಂತ ಬರೀಲಿ?"

"ಪೇಟೆಂಟ್ ತೆಗೆದುಬಿಡು. ಬರೀ ಪೆಂಡಿಂಗ್ ಅಂತ ಇರ್ಲಿ."

"ಇನ್ನೇನಿದೆ ಶೇಷಣ್ಣ ಪೆಂಡಿಂಗು?"

"ನಾನಿದೀನಲ್ಲ ಕಣೋ," ಎಂದರು. ಆಮೇಲೆ ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಪುಡಿ ಪೂರ್ತಿ ಬದಲಾಯಿಸಿದೀನಿ. ಹೊಸದು. ನಿನ್ನೆ ರಾಯಲ್ಪಾಡಿಗೆ ಹೋಗಿ ಹಾಕಿ ಬಂದೆ. ಈ ಸಲ ಒಣಗತ್ತೆ," ಎಂದರು. ಏನು ಹಾಕಿದಿರಿ ಎಂದು ಕೇಳಿದೆ. ತುಟಿಯ ಮೇಲೆ ಬೆರಳಿಟ್ಟುಕೊಂಡರು. "ನಿನಗೂ ಹೇಳಲ್ಲ. ರುಕ್ಮಿಣಿಗೂ ಹೇಳಿಲ್ಲ. ಎಲ್ಲೂ ಬರೆದೂ ಇಟ್ಟಿಲ್ಲ. ಬುದ್ಧಿ ಬಂದಿದೆ ನನಗೆ." ಹೋಗುವಾಗ ನನ್ನ ಚಪ್ಪಲಿಯ ಕಡೆ ಒಮ್ಮೆ ನೋಡಿದರು, ಆದರೆ ಕೆರೆಯಲಿಲ್ಲ. ನಾನು ಅವರ ಜೊತೆ ಕೊನೆಯದಾಗಿ ಮಾತಾಡಿದ್ದು ಅಂದೇ. ಮಾರನೇ ದಿನ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಕುಸಿದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ರುಕ್ಮಿಣಮ್ಮ, "ರಾಯಲ್ಪಾಡಿನೋರಿಗೆ ಒಂದು ಮಾತು ತಿಳಿಸಿ ಬಾಪ್ಪ," ಎಂದರು. ಹೋದೆ. ಮುನಿರೆಡ್ಡಿ ತೋಟಕ್ಕೆ ಹೋಗಿದ್ದರು. ಅಂಗಳದಲ್ಲಿ ಆ ತಾಯಿ ಒಬ್ಬರೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈಹಿಡಿದು ಡ್ರಮ್ಮಿನ ಹತ್ತಿರ ಕರೆದೊಯ್ದು, ಒಳಗಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ಕಪ್ಪಗೆ, ಹಗುರಾಗಿ, ಪುಡಿಪುಡಿಯಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಯಾವ ವಾಸನೆಯೂ ಇರಲಿಲ್ಲ.

"ಎಂಡಿಂದಿ," ಎಂದರು ಆಕೆ. "ಸ್ವಾಮಿಕಿ ಚೆಪ್ಪು. ಏಮೇಸಿನಾಡೋ ಅಡುಗು."

ಒಣಗಿದೆ, ಸ್ವಾಮಿಗೆ ಹೇಳು, ಏನು ಹಾಕಿದರೋ ಕೇಳು. ಆ ಮಂದ ಕಿವಿಗೆ ಕೇಳಿಸುವ ಹಾಗೆ ಸಾವಿನ ಸುದ್ದಿಯನ್ನು ಕೂಗಿ ಹೇಳಲು ನನ್ನಿಂದ ಆಗಲಿಲ್ಲ. ಅಡುಗುತಾನಮ್ಮ, ಕೇಳ್ತೀನಿ, ಎಂದು ತಲೆಯಾಡಿಸಿದೆ.