ಆಚೆ ದಡದ ಗೆಳತಿ

ಸಮುದ್ರದ ನೀರಿನ ಬಿಸಿ, ಉಪ್ಪು ಅಳೆಯುವ ತೇಲುಯಂತ್ರವೊಂದನ್ನು ಎರಡು ದೇಶಗಳು ಸೇರಿ ಮಾಡಿದಾಗ, ಅದಕ್ಕೆ ಬೆಸುಗೆ ಹಾಕಿದವಳು ಬಂದರಿನ ವರ್ಕ್‌ಶಾಪಿನ ವೆಲ್ಡರಮ್ಮ. ಆಚೆ ದೇಶದಿಂದ ಬಂದ ಇಂಜಿನಿಯರಮ್ಮನ ಒಂದು ಮಾತೂ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಬರೆದೇ ಇಬ್ಬರೂ ಆರು ತಿಂಗಳು ಮನಸಾರೆ ಹರಟಿದರು. ಕೆಲಸ ಮುಗಿದು ಯಂತ್ರವನ್ನು ನೀರಿಗೆ ಬಿಟ್ಟ ಮರುದಿನವೇ ಗೆಳತಿ ಹೊರಟುಹೋದಳು.

ವರ್ಷದ ಮೇಲೆ ಆ ಯಂತ್ರ ತೇಲುತ್ತಾ ಹೋಗಿ ಗೆಳತಿಯ ದೇಶದ ದಡವನ್ನೇ ಮುಟ್ಟಿತು. ವೆಲ್ಡರಮ್ಮನ ಮಗಳು ಫೋನಿಗೆ ಬಂದ ಫೋಟೊ ತೋರಿಸಿದಳು. ಪಾಚಿ ಹಿಡಿದ ಯಂತ್ರದ ಬೆಸುಗೆಯ ಮೇಲೆ ಅಂಗೈ ಇಟ್ಟು ಗೆಳತಿ ನಿಂತಿದ್ದಳು.

"ಅಮ್ಮಾ, ಬೆಸುಗೆ ಒಂಚೂರೂ ಬಿಟ್ಟಿಲ್ಲ ನೋಡು!"

"ಅದೆಲ್ಲಿ ಬಿಡುತ್ತೆ? ನನ್ನನ್ನೂ ಅದಕ್ಕೇ ಕಟ್ಟಿ ಕಳಿಸಿದ್ರೆ ಇಷ್ಟೊತ್ತಿಗೆ ತಲುಪಿರ್ತಿದ್ದೆ ಕಣೇ."

ಮಗಳು ನಗುತ್ತಿದ್ದಂತೆಯೇ ವೆಲ್ಡರಮ್ಮ ಫೋನು ಕಿತ್ತುಕೊಂಡು, ಗೆಳತಿಯ ಮುಖವನ್ನು ದೊಡ್ಡದು ಮಾಡಿ ನೋಡುತ್ತಾ ಕುಳಿತಳು.