ಸಡಿಲು ಬಿಟ್ಟ ಹಗ್ಗ

ಆಗೆಲ್ಲ ನಾಗರ ಪಂಚಮಿ ಬಂತೆಂದರೆ ನಮ್ಮ ಕುಬಿಹಾಳದ ಓಣಿಯ ತುಂಬ ಹುರಿದ ಶೇಂಗಾ, ಕಾಸಿದ ಬೆಲ್ಲದ ವಾಸನೆ. ಉಂಡಿ ಕಟ್ಟಿದ ಅಂಟು ಕೈಯಲ್ಲೇ ಜೋಕಾಲಿಗೆ ಓಡುತ್ತಿದ್ದೆವು.

ಆ ವರ್ಷ ಗಾಳಿಗೆ ನಮ್ಮ ಬೇವಿನ ಮರದ ದೊಡ್ಡ ಟೊಂಗೆ ಮುರಿದಿತ್ತು. ಅಣ್ಣ ಬಸಣ್ಣ ಬೇವಿಗೂ ಎದುರಿನ ಹುಣಸೆಗೂ ಅಡ್ಡಲಾಗಿ ಹಗ್ಗ ಕಟ್ಟಿ, ಅದರ ನಡುವೆ ಜೋಕಾಲಿ ತೂಗುಬಿಟ್ಟ. ಹಗ್ಗ ಜೋತುಬಿದ್ದರೆ ಮಂದಿ ನಕ್ಕಾರೆಂದು ಅದಕ್ಕೊಂದು ಬಡಿಗೆ ಸಿಕ್ಕಿಸಿ, ತಿರುವಿ ತಿರುವಿ ಹೊರಸು ಮಂಚದ ಹಗ್ಗದಂತೆ ಬಿಗಿದಿದ್ದ.

ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಅಕ್ಕ ಗಂಗವ್ವ ತವರಿಗೆ ಬಂದಿದ್ದಳು. ಅವಳೂ ನಾನೂ ಮಣೆಯ ಮೇಲೆ ಎದುರುಬದುರು ನಿಂತು ಜೀಕತೊಡಗಿದೆವು. ಅಷ್ಟರಲ್ಲಿ ಮೇಲೆ ‘ಚಟ್’ ಎಂದಿತು. ಅಡ್ಡ ಹಗ್ಗದ ಒಂದು ಎಳೆ ಹರಿದಿತ್ತು. ಕೆಳಗೆ ಬದಿಯಲ್ಲೇ ದನ ನೀರು ಕುಡಿಯುವ ಕಲ್ಲಿನ ಬಾನಿ. ಹಾರಿದರೆ ತಲೆ ಅದಕ್ಕೇ. ಅಕ್ಕ ಒಂದು ಕೈಯಿಂದ ನನ್ನನ್ನು ಎತ್ತಿ ಎದೆಗವಚಿಕೊಂಡಳು.

“ತಡೀರಿ, ಇನ್ನಷ್ಟ ಬಿಗೀತೀನಿ!” ಬಸಣ್ಣ ಓಡಿಹೋಗಿ ಹುಣಸೆ ಹತ್ತಿ ಬಡಿಗೆ ತಿರುವಿದ. ಮತ್ತೆ ‘ಚಟ್’.

ಒಲೆಯ ಮುಂದಿದ್ದ ಅವ್ವ ಓಡಿಬಂದಳು. “ಲೇ ಬಸ್ಯಾ, ಬಿಗೀಬ್ಯಾಡೋ! ಸಡ್ಲ ಬಿಡು!”

“ಸಡ್ಲ ಬಿಟ್ರ ಬೀಳ್ತಾರಬೇ!”

“ನಿಮ್ಮಪ್ಪನಂಗ ವಾದಾ ಮಾಡಬ್ಯಾಡ. ಬಡಿಗಿ ಹಿಂದಕ್ಕ ತಿರುವು. ಸಾವಕಾಶ!”

ಬಸಣ್ಣ ಬಡಿಗೆಯನ್ನು ಒಂದೊಂದೇ ಸುತ್ತು ಹಿಂದಕ್ಕೆ ತಿರುವಿದ. ಹಗ್ಗ ಸಡಿಲಾಗಿ ನಡುವೆ ಬಾಗಿದಂತೆ ಮಣೆ ಗೇಣು ಗೇಣು ಇಳಿಯಿತು. ಚಟಗುಟ್ಟುವುದು ನಿಂತಿತು. ಅವ್ವನ ಕೈ ನನ್ನ ಕಾಲಿಗೆ ತಾಗಿದಾಗಲೇ ನಾನು ಉಸಿರುಬಿಟ್ಟದ್ದು.

ಸಡಿಲು ಬಿಟ್ಟಾಗ ಹಗ್ಗ ಉಳಿದದ್ದು ಹೇಗೆಂದು ಬಸಣ್ಣ ಎಷ್ಟೋ ಸಲ ಕೇಳಿದ. “ನನಗೇನ ಗೊತ್ತಪಾ, ಬಿಗದ ಕಟ್ಟಿದ್ರ ಅರಿವಿ ಒಣಹಾಕೂ ಹಗ್ಗಾನೂ ಹಂಗ ಹರೀತಿತ್ತು” ಎನ್ನುತ್ತಿದ್ದಳು ಅವ್ವ.

ಮೂರನೇ ಇಯತ್ತೆಗೇ ಸಾಲಿ ಬಿಟ್ಟ ನನಗೆ ಅದರ ಉತ್ತರ ಮೊನ್ನೆ ಸಿಕ್ಕಿತು ನೋಡ್ರಿ! ಮೊಮ್ಮಗಳು ಸುಧಾ ಕಾಲೇಜಿನ ಲೆಕ್ಕ ಮಾಡುತ್ತಿದ್ದಳು. ಎರಡು ಕಂಬ, ಹಗ್ಗ, ನಡುವೆ ಭಾರ, ಮೇಲೊಂದು ಕೆಳಗೊಂದು ಬಾಣದ ಚಿತ್ರ. ಇದೇನೆಂದು ಕೇಳಿದೆ.

“ಭಾರ ಕೆಳಗ ಜಗ್ಗಿದಷ್ಟ ಹಗ್ಗ ಮ್ಯಾಲ ಎಳೀಬೇಕು, ಅಜ್ಜಿ. ಹಗ್ಗ ನೆಟ್ಟಗಿದ್ರ ಅದರ ಜೋರೆಲ್ಲಾ ಅಡ್ಡಡ್ಡ ಹೋಗಿಬಿಡ್ತೈತಿ, ಮ್ಯಾಲ ಎಳಿಯೂದು ಒಂಚೂರ. ಅದಕ್ಕ ಅದ ಭಾರ ಹೊರಾಕ ಹಗ್ಗಕ್ಕ ಭಾಳ ಜಗ್ಗು ಬೀಳ್ತೈತಿ. ಬಾಗಿದ್ರ ಕಡಿಮಿ.”

ಅವಳ ಗಲ್ಲ ಹಿಡಿದು ಮುದ್ದಿಟ್ಟೆ. ಬಾಯಿಗೆ ಸಕ್ಕರೆ ಹಾಕಿದೆ. ಓಣಿಗೆಲ್ಲ ಕೂಗಿ ಹೇಳಬೇಕೆನಿಸಿತು. ಜೋಕಾಲಿಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

“ಹಂಗಾರ ಅದರದೂ ಲೆಕ್ಕಾ ಮಾಡೂಣು. ನಡುವ ಎಷ್ಟ ಭಾರ ಇತ್ತು?”

ಯಾರನ್ನು ಕೇಳಲಿ? ಅವ್ವ ಇಲ್ಲ, ಬಸಣ್ಣ ಇಲ್ಲ. ಅಕ್ಕನೂ ಹೋದ ಬೇಸಿಗೆಯಲ್ಲಿ ಹೊರಟುಹೋದಳು. ಆ ಹಗ್ಗ ಕಂಡವಳು ಈಗ ನಾನೊಬ್ಬಳೇ.

“ದೊಡ್ಡಜ್ಜಿದು ಬಿಡು, ನಿಂದಷ್ಟ ಹೇಳು” ಎಂದಳು ಸುಧಾ.

“ನಂದೇನ ತೂಕವ್ವಾ,” ಎಂದೆ. “ಅಕ್ಕ ನನ್ನ ಎತ್ಕೊಂಡಿದ್ಲಲ್ಲ.”